ನನ್ನನ್ನು ‘ನೀ’ ಎನ್ನುತ್ತಿದ್ದವಳು

ನಮ್ಮೂರಿನ ಬ್ಯಾಂಕಿನ ಕ್ಯಾಷಿಯರು ಅಂಗಿಯ ಜೇಬಿನ ಮೇಲೆ ತನ್ನ ಹೆಸರಿನ ಕೆಳಗೆ ಹೆಂಡತಿಯ ಹೆಸರನ್ನೂ ಮನೆ ಇರುವ ಓಣಿಯನ್ನೂ ಹೊಲಿಸಿಕೊಂಡಿದ್ದಾನೆ. ಹೊಸದಾಗಿ ಊರಿಗೆ ಬಂದವರು ಅದನ್ನು ನೋಡಿ ನಗುತ್ತಾರೆ. ನಮಗೆ ನಗು ಬರುವುದಿಲ್ಲ. ನಮ್ಮೂರಿನ ಕಂಪ್ಯೂಟರು ತನ್ನ ಮೆಮರಿ ಸಾಲದೆ ಹೋದಾಗ ಎದುರಿಗೆ ಕೂತವರ ನೆನಪನ್ನು ಎಳೆದುಕೊಳ್ಳುತ್ತದೆ, ಕೆಲಸ ಮುಗಿದ ಮೇಲೆ ವಾಪಸು ಕೊಡುತ್ತದೆ. ಸಂಜೆ ಬ್ಯಾಂಕಿನ ಬಾಗಿಲು ಹಾಕಿದ ಮೇಲೆ ಕ್ಯಾಷಿಯರು ಎದುರಿನ ಕಟ್ಟೆಯ ಮೇಲೆ ಕೂತು ಒಂದು ಚಹಾ ಕುಡಿಯುತ್ತಾನೆ. ಕಪ್ಪು ಖಾಲಿಯಾಗುವಷ್ಟರಲ್ಲಿ ಎಲ್ಲ ನೆನಪಾಗುತ್ತದೆ, ಎದ್ದು ಮನೆಗೆ ಹೋಗುತ್ತಾನೆ. ಕಂಪ್ಯೂಟರಿನ ಮುಂದಿನಿಂದ ಎದ್ದು ಬಂದವರ ಜೊತೆ ಚಹಾ ಮುಗಿಯುವ ತನಕ ಯಾರೂ ಮುಖ್ಯ ಮಾತು ತೆಗೆಯುವುದಿಲ್ಲ. ಮದುವೆ ಗೊತ್ತಾದ ಹುಡುಗಿಯರನ್ನೂ ಪರೀಕ್ಷೆ ಹತ್ತಿರ ಬಂದ ಮಕ್ಕಳನ್ನೂ ಅದರ ಮುಂದೆ ಕೂರಿಸುವುದಿಲ್ಲ. ಬೇಕೆಂದೇ ಹೋಗಿ ಕೂರುವವರೂ ಇದ್ದಾರೆ. ಹೆಂಡತಿ ತೀರಿಕೊಂಡ ವರ್ಷ ಪೋಸ್ಟ್ ಮಾಸ್ತರರು ರಜೆಯ ದಿನವೂ ಆಫೀಸು ತೆಗೆದು, ಕಂಪ್ಯೂಟರ್ ಹಚ್ಚಿಕೊಂಡು ಕೂರುತ್ತಿದ್ದರು.

ನಾನು ಗಾದಿ ಹೊಲಿಯುವವನು. ಹತ್ತಿ, ಸೂಜಿ, ದಾರ ಬಿಟ್ಟರೆ ಬೇರೆ ಯಾವ ಯಂತ್ರದ ಗೊಡವೆಯೂ ನನಗಿರಲಿಲ್ಲ. ಇದ್ದದ್ದು ನನ್ನ ಹೆಂಡತಿ ಚಂಪಾಳಿಗೆ. ಅವಳು ಊರಿನ ದವಾಖಾನೆಯ ನರ್ಸು. ಊರಿಗೆಲ್ಲ ಚಂಪಾ ಸಿಸ್ಟರ್. ನನಗೆ ಸೋದರತ್ತೆಯ ಮಗಳು. ಒಂದೇ ಅಂಗಳದಲ್ಲಿ ಜಗಳಾಡುತ್ತ ಬೆಳೆದವರು ನಾವು, ಹಾಗಾಗಿ ಮದುವೆಯಾದ ಮೇಲೂ ಅವಳ ಬಾಯಲ್ಲಿ ನನಗೆ ‘ನೀವು’ ಬರಲಿಲ್ಲ. ಪೇಟೆಯ ನಡುವೆ ನಿಂತು, “ಲೇ ದುಂಡ್ಯಾ, ಊಟಕ್ಕ ಬರ್ತೀಯೋ ಇಲ್ಲೋ?” ಎಂದು ಕೂಗುತ್ತಿದ್ದಳು. ನನ್ನ ಅವ್ವ ಬದುಕಿದ್ದಾಗ, “ಗಂಡಗ ಬಹುವಚನ ಹಚ್ಚಿ ಮಾತಾಡವಾ, ಮಂದಿ ನಗ್ತಾರ,” ಎಂದು ಬೈದಿದ್ದಳು. ಅವತ್ತು ಸಂಜೆ ಚಂಪಾ ತಲೆಯ ಮೇಲೆ ಸೆರಗು ಹೊದ್ದು, “ದುಂಡಪ್ಪನವರ, ಊಟಕ್ಕ ಏಳ್ರಿ,” ಎಂದವಳು ನಗು ತಡೆಯಲಾಗದೆ ಸಾರಿನ ಪಾತ್ರೆಯನ್ನೇ ಚೆಲ್ಲಿಬಿಟ್ಟಳು. ಅವ್ವನೂ ನಕ್ಕಳು. ಆ ಮಾತು ಅಲ್ಲಿಗೇ ಮುಗಿಯಿತು.

ದವಾಖಾನೆಗೆ ಡಾಕ್ಟರು ಬರುತ್ತಿದ್ದದ್ದು ವಾರಕ್ಕೊಮ್ಮೆ, ಅದೂ ಬೇರೆ ಊರಿನಿಂದ. ಒಬ್ಬರು ಊರಿನ ಮುಖ ಪರಿಚಯ ಮಾಡಿಕೊಳ್ಳುವಷ್ಟರಲ್ಲಿ ಅವರಿಗೆ ವರ್ಗವಾಗಿ ಇನ್ನೊಬ್ಬರು ಬರುತ್ತಿದ್ದರು. ಅದಕ್ಕೇ ಚಂಪಾ ದವಾಖಾನೆಯ ಕಂಪ್ಯೂಟರಿನಲ್ಲಿ ಟಿಪ್ಪಣಿ ಬರೆದಿಡುವ ಒಂದು ಸಾಫ್ಟ್‌ವೇರ್ ಹಾಕಿಸಿಕೊಂಡಿದ್ದಳು. ದವಾಖಾನೆಗೆ ಬಂದ ಒಬ್ಬೊಬ್ಬರ ಹೆಸರಿಗೂ ಒಂದೊಂದು ಟಿಪ್ಪಣಿ, ಜೊತೆಗೆ ಫೋಟೋ. ಕಲ್ಲವ್ವನ ಮಗನಿಗೆ ಯಾವ ಸೂಜಿಮದ್ದು ಆಗಿಬರುವುದಿಲ್ಲ, ಯಾರಿಗೆ ಮೊದಲ ಹೆರಿಗೆಯಲ್ಲಿ ರಕ್ತ ನಿಲ್ಲಲಿಲ್ಲ, ಯಾವ ಅಜ್ಜ ಮಾತ್ರೆ ನುಂಗಿದೆನೆಂದು ಹೇಳಿ ದಿಂಬಿನ ಕೆಳಗೆ ಅಡಗಿಸುತ್ತಾನೆ, ಎಲ್ಲ ಅದರಲ್ಲಿತ್ತು. ದಿನಕ್ಕೆ ನಾಲ್ಕಾರು ಟಿಪ್ಪಣಿ ಬರೆದರೆ ಯಂತ್ರ ತೆಗೆದುಕೊಳ್ಳುತ್ತಿದ್ದ ನೆನಪು ಅಷ್ಟಕ್ಕಷ್ಟೆ. ಬಹಳವೆಂದರೆ ಚಪ್ಪಲಿ ಎಲ್ಲಿ ಬಿಟ್ಟೆ ಎಂದು ಹುಡುಕಾಡುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಆ ಸಾಫ್ಟ್‌ವೇರ್ ಮಾಡಿದ ಕಂಪನಿಯಿಂದ ಸಂದೇಶ ಬಂತು. ತಾವು ಬಾಗಿಲು ಹಾಕುತ್ತಿದ್ದೇವೆ, ಮಳೆಗಾಲ ಶುರುವಾಗುವ ಮುಂಚೆ ನಿಮ್ಮ ಟಿಪ್ಪಣಿಗಳನ್ನೆಲ್ಲ ಎಕ್ಸ್‌ಪೋರ್ಟ್ ಮಾಡಿ ಹೊರಗೆ ತೆಗೆದುಕೊಳ್ಳಿ, ಆಮೇಲೆ ಏನೂ ಉಳಿಯುವುದಿಲ್ಲ ಎಂದು. ಚಂಪಾ ಕಂಪ್ಯೂಟರ್ ಅಂಗಡಿಯ ಫರೀದಾಳನ್ನು ಕರೆಸಿದಳು. ಫರೀದಾ ಕೂತು ಬಟನ್ ಒತ್ತಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವಳು ಪಕ್ಕಕ್ಕೆ ತಿರುಗಿ, “ಅಕ್ಕಾರ, ನಾ ಯಾವೂರಿಗೆ ಬಂದೀನಿ? ಕಡೀ ಬಸ್ಸು ಹೋತೇನು?” ಎಂದು ಕೇಳಿದಳು. ಚಂಪಾ ಕೂಡಲೇ ಕೆಲಸ ನಿಲ್ಲಿಸಿ ಅವಳನ್ನು ಹೊರಗೆ ಕರೆದುಕೊಂಡು ಬಂದಳು. ಮತ್ತೆ ಮತ್ತೆ ಚಹಾ ಕುಡಿಸಿದ ಮೇಲೆ ಫರೀದಾಳಿಗೆ ತನ್ನ ಅಂಗಡಿ, ಮಗಳು, ಓಣಿ ಎಲ್ಲ ತಿರುಗಿ ಬಂದವು.

“ಸಿಸ್ಟರ್, ಇದು ಸರಿ ಇಲ್ರಿ,” ಎಂದಳು. “ಚಲೋ ಸಾಫ್ಟ್‌ವೇರ್ ಆದ್ರ ಒಂದೊಂದ ಟಿಪ್ಪಣಿ ಒಯ್ದು ಹೊರಗಿಟ್ಟು, ಕೈ ಖಾಲಿ ಮಾಡ್ಕೊಂಡು ಮುಂದಿಂದು ಎತ್ತಬೇಕು. ಇದು ಎಲ್ಲಾನೂ ಒಮ್ಮೆಲೆ ಹೆಗಲ ಮ್ಯಾಲ ಹೊರಸ್ಕೊಂಡು ನಿಂದರ್ತೈತಿ. ಫೋಟೋ ಗೀಟೋ ಎಲ್ಲಾ. ಕಡೀದು ಬರೂ ತನಕ ಮೊದಲಿಂದು ಇಳಸೂದಿಲ್ಲ.”

“ಸಣ್ಣ ಸಣ್ಣ ಪಾಲು ಮಾಡಿ ತಗ್ಯಾಕ ಬರೂದಿಲ್ಲೇನು?”

“ಆ ಬಟನ್ನೇ ಇಟ್ಟಿಲ್ರಿ ಅವರು.”

ಕಂಪನಿಗೆ ಬರೆದಳು. ಹೆಚ್ಚು ಮೆಮರಿ ಇರುವ ಯಂತ್ರವನ್ನು ಬಳಸಿ ಎಂದು ಉತ್ತರ ಬಂತು. ನಮ್ಮೂರಲ್ಲಿ ಅಂಗಡಿಯ ಮೆಮರಿ ತಂದು ಕೂರಿಸಿದರೆ ಯಂತ್ರ ಅದನ್ನು ಮುಟ್ಟುವುದಿಲ್ಲ, ಮನುಷ್ಯರ ಕಡೆಗೇ ಕೈ ಚಾಚುತ್ತದೆ. ಹೊತ್ತು ಬೇರೆ ಊರಿಗೆ ಒಯ್ಯೋಣವೆಂದರೆ ಸೀಮೆ ದಾಟಿದ ಮೇಲೆ ಅದು ಚಾಲೂ ಆಗುವುದಿಲ್ಲ. “ನಮ್ಮೂರಾಗ ಹೆಚ್ಚು ಮೆಮರಿ ಅಂದ್ರ ಹೆಚ್ಚು ವಯಸ್ಸಾದ ಮನಷ್ಯಾ ಬೇಕು ಅಂತ ಅರ್ಥ,” ಎಂದು ಫರೀದಾ ಕಹಿಯಾಗಿ ನಕ್ಕಳು. ಶಾಲೆಯ ಅಕ್ಕೋರು ಒಂದಷ್ಟು ಜನರನ್ನು ಕೂರಿಸಿ ಟಿಪ್ಪಣಿಗಳನ್ನು ಕೈಯಲ್ಲಿ ನಕಲು ಮಾಡಿಸತೊಡಗಿದರು. ಬೇಸಿಗೆ ಅರ್ಧ ಕಳೆದರೂ ಅವರು ಮುಗಿಸಿದ್ದು ಎರಡು ಓಣಿ ಮಾತ್ರ.

ಎಲ್ಲರೂ ಸೇರಿ ಕೂತರೆ ಒಬ್ಬೊಬ್ಬರಿಂದ ಸ್ವಲ್ಪ ಸ್ವಲ್ಪವೇ ಹೋಗುತ್ತದೆ ಎಂದು ಫರೀದಾ ಲೆಕ್ಕ ಹಾಕಿದಳು. ಭಾನುವಾರ ಬೆಳಿಗ್ಗೆ ಜನ ತಾವಾಗಿಯೇ ಬಂದರು. ಚಂಪಾ ಸಿಸ್ಟರ್ ಕೆಲಸವೆಂದರೆ ಯಾರೂ ಇಲ್ಲ ಅನ್ನುವುದಿಲ್ಲ. ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ಎತ್ತಿಕೊಂಡು, ಯಾರದೋ ಮನೆಯ ಕಾರ್ಯಕ್ಕೆ ಬಂದವರ ಹಾಗೆ ನಗುತ್ತ ಮಾತಾಡುತ್ತ ಕಂಪ್ಯೂಟರಿನ ಸುತ್ತ ಚಾಪೆ ಹಾಸಿ ಕೂತರು. ನಾನೂ ಕೂತೆ. ಕೆಲಸ ಶುರುವಾಯಿತು. ಮಾತು ನಿಧಾನಕ್ಕೆ ನಿಂತಿತು. ಆ ಹೊತ್ತಿನದು ನನಗೆ ಇಷ್ಟೇ ನೆನಪಿದೆ: ಬಿಳಿ ಸೀರೆಯ ಹೆಂಗಸೊಬ್ಬಳು ಬಾಗಿಲ ಹತ್ತಿರ ಓಡಾಡುತ್ತಿದ್ದಳು, ಯಾರೋ ಏನೋ, ಎಷ್ಟು ಚೆಂದ ಇದ್ದಾಳೆ ಅಂದುಕೊಂಡೆ.

ಅಷ್ಟರಲ್ಲಿ ಒಂದು ಕೂಸು ಅಳತೊಡಗಿತು. ಬಾಣಂತಿ ನೀಲವ್ವನ ತೊಡೆಯ ಮೇಲೇ ಇತ್ತು. ನೀಲವ್ವ ಅದನ್ನು ಎರಡೂ ಕೈಯಲ್ಲಿ ದೂರಕ್ಕೆ ಹಿಡಿದು, “ಯಾರದಿದು ಕೂಸು? ಯಾರರ ಎತ್ಕೋರ್ರಿ, ಹಸ್ತೈತಿ ಕಾಣತೈತಿ,” ಎನ್ನುತ್ತಿದ್ದಳು. ಕೂಸಿನ ದನಿಗೆ ಅವಳ ಕುಪ್ಪಸ ಹಾಲಿನಿಂದ ತೊಯ್ದುಹೋಗಿತ್ತು. ಅವಳಿಗೆ ಅದೂ ತಿಳಿಯಲಿಲ್ಲ. ಬಾಗಿಲಲ್ಲಿದ್ದ ಚಂಪಾ ಓಡಿ ಬಂದು, “ಸಾಕು! ಬಂದ್ ಮಾಡು ಫರೀದಾ!” ಎಂದು ಚೀರಿದಳು.

ಚಹಾದ ಮೇಲೆ ಚಹಾ ಆಯಿತು. ನೀಲವ್ವನಿಗೆ ಎಲ್ಲ ನೆನಪಾದ ಕೂಡಲೇ ಕೂಸನ್ನು ಅವಚಿಕೊಂಡು ಅತ್ತಳು. ಉಳಿದವರಿಗೂ ಹೆಚ್ಚುಕಡಿಮೆ ಎಲ್ಲ ತಿರುಗಿ ಬಂತು. ಭಜನೆಗೆ ತಬಲಾ ಬಾರಿಸುವ ಕೊಟ್ರಯ್ಯನಿಗೆ ಮಾತ್ರ ತೀರಿಕೊಂಡ ಅವನ ಅವ್ವನ ಮುಖ ಬರಲಿಲ್ಲ. ಅವಳ ಹೆಸರು, ಸೀರೆ, ಕೈಯ ಬಳೆ ಎಲ್ಲ ಹೇಳುತ್ತಿದ್ದ. “ಮುಖ ಇದ್ದ ಜಾಗಾದಾಗ ಏನೂ ಇಲ್ರಿ ಸಿಸ್ಟರ್,” ಎಂದ. ಅವಳದೊಂದು ಫೋಟೋ ಕೂಡ ಅವರ ಮನೆಯಲ್ಲಿರಲಿಲ್ಲ. ಚಂಪಾ ಅವನ ಕಾಲು ಹಿಡಿಯಲು ಬಗ್ಗಿದಳು, ಅವನು ಬಿಡಲಿಲ್ಲ.

ಅವತ್ತು ಮನೆಯಲ್ಲಿ ಅವಳನ್ನು ನಗಿಸಲೆಂದು, ಬಿಳಿ ಸೀರೆಯ ಹೆಂಗಸಿನ ವಿಷಯ ಹೇಳಿದೆ. “ಹೌದೇನಲೇ? ಮತ್ತ ಲಗ್ನಾ ಆಗ್ತಿದ್ದೇನು ನನ್ನ?” ಎಂದು ಸ್ವಲ್ಪ ನಕ್ಕಳು. ಆಮೇಲೆ ತಟ್ಟೆಯ ಅನ್ನ ಹಾಗೇ ಬಿಟ್ಟು ಎದ್ದಳು. ಇನ್ನು ಯಾರನ್ನೂ ಅದರ ಮುಂದೆ ಕೂರಿಸುವುದಿಲ್ಲ, ಹೋದರೆ ಹೋಗಲಿ ಎಂದು ಅವಳೇ ಅಂದಳು. ನಾನು ನಿರಾಳವಾದೆ.

ಅದು ಹೆಚ್ಚು ದಿನ ಉಳಿಯಲಿಲ್ಲ. ಅವಳು ಯಾವುದೋ ಹೆರಿಗೆಗೆ ಹೋಗಿದ್ದಾಗ ಕಲ್ಲವ್ವನ ಮಗನಿಗೆ ಜ್ವರ ಏರಿ ಎಚ್ಚರ ತಪ್ಪಿತು, ದವಾಖಾನೆಗೆ ಹೊತ್ತು ತಂದರು. ಅವತ್ತು ಬಂದಿದ್ದ ಡಾಕ್ಟರು ಊರಿಗೇ ಹೊಸಬರು. ಆ ಭಾನುವಾರದ ಮೇಲೆ ಕಂಪ್ಯೂಟರನ್ನು ಯಾರೂ ಹಚ್ಚಿರಲಿಲ್ಲ. ಕಲ್ಲವ್ವನಿಗೆ ಗಾಬರಿಯಲ್ಲಿ ಬಾಯೇ ಬರಲಿಲ್ಲ. ಡಾಕ್ಟರು ಸೂಜಿಗೆ ಮದ್ದು ತುಂಬಿಸಿ ಹುಡುಗನ ತೋಳು ಒರೆಸುತ್ತಿದ್ದಾಗ ಚಂಪಾ ಒಳಗೆ ಬಂದು ಅವರ ಕೈ ಹಿಡಿದಳು. ಅದು ಅವನಿಗೆ ಆಗದ ಮದ್ದೇ ಆಗಿತ್ತು. ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ ನನ್ನ ಮುಂದೆ ಕೂತಳು.

“ನಾ ಒಂದ ಗಳಿಗಿ ತಡಾ ಮಾಡಿದ್ರ ಆ ಹುಡುಗ ಹೋಗ್ತಿದ್ದ ದುಂಡ್ಯಾ. ನಾ ಸತ್ತ ಮ್ಯಾಲ ಯಾರು ಕೈ ಹಿಡೀತಾರ?”

“ನಾ ಕುಂಡರ್ತೀನಿ,” ಎಂದೆ. “ನನ್ನ ನೆನಪು ತಗೊಳ್ಳಲಿ.”

“ನಿನ್ನ ತಲ್ಯಾಗ ಹತ್ತಿ ಬಿಟ್ಟರ ಏನೈತಿ?” ಎಂದಳು. ಆದರೆ ನಗಲಿಲ್ಲ. “ಆ ಟಿಪ್ಪಣಿ ಬರದಾಕಿ ನಾನು. ನಾನ ಕುಂಡರಬೇಕು. ಭಾಳ ಆತು ಅಂದ್ರ ಬಂದ್ ಮಾಡ್ತೀನಿ. ನಿನ್ನ ಹೆಸರು ಮರತೆ ಅಂದ್ರ ಆವಾಗಿಂದಾವಾಗ ಬಂದ್ ಮಾಡ್ತೀನಿ, ಆತಿಲ್ಲೋ?”

“ಮರತಾಕಿಗೆ ಮರತೀನಿ ಅಂತ ಹೆಂಗ ಗೊತ್ತಾಗತೈತಿ ಚಂಪಾ?”

ಅವಳು ಹೋಗಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದಳು.

ಛತ್ರದವರು ಹೇಳಿದ್ದ ಗಾದಿಗಳನ್ನು ಗಾಡಿಗೆ ಹೇರಿಕೊಂಡು ನಾನು ಹೋದ ದಿನ ಅವಳು ಕೂತಳು. ಹೋಗುವಾಗ ಬಾಗಿಲ ತನಕ ಬಂದು, ಗಾಡಿಯ ಹಗ್ಗ ಬಿಗಿಯಾಗಿದೆಯೇ ಎಂದು ಎಳೆದು ನೋಡಿ, “ಬಿಸಲಾಗ ತಲೀ ಮ್ಯಾಲ ವಸ್ತ್ರ ಹಾಕ್ಕೋ,” ಎಂದಳು. ಅವಳು ನನ್ನ ಜೊತೆ ಹಾಗೆ ಆಡಿದ ಕೊನೆಯ ಮಾತು ಅದು.

ಉಳಿದದ್ದನ್ನು ಫರೀದಾ ಹೇಳಿದಳು. ಶುರು ಮಾಡುವ ಮುಂಚೆ ಚಂಪಾ ಅವಳ ಕೈಯನ್ನು ಅವಳ ಮಗಳ ತಲೆಯ ಮೇಲೆ ಇಡಿಸಿ, ಏನೇ ಆದರೂ ಮುಗಿಯುವ ತನಕ ಬಂದ್ ಮಾಡುವುದಿಲ್ಲ ಎಂದು ಆಣೆ ಮಾಡಿಸಿಕೊಂಡಿದ್ದಳಂತೆ. ಅರ್ಧಕ್ಕೆ ನಿಲ್ಲಿಸಿದರೆ ಟಿಪ್ಪಣಿಯೂ ಇಲ್ಲ, ನೆನಪೂ ಇಲ್ಲ ಎಂಬಂತಾಗುತ್ತದೆ ಎಂದಳಂತೆ. ಮೊದಮೊದಲು ಹಾಡು ಗುನುಗುತ್ತಿದ್ದಳಂತೆ. ಆಮೇಲೆ ಹಾಡು ನಿಂತಿತು. ಒಂದು ಸಲ ತನ್ನ ಕೊರಳ ತಾಳಿಯನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿದಳಂತೆ. “ನಾ ಬಂದ್ ಮಾಡೂ ಬಟನ್ ಮ್ಯಾಲ ಬೆರಳಿಟ್ಕೊಂಡ ನಿಂತಿದ್ದೆ ಅಣ್ಣಾ. ಒತ್ತಲಿಲ್ಲ. ನನ್ನ ಕೊಂದು ಹಾಕ್ರಿ,” ಎಂದು ಫರೀದಾ ಗೋಡೆಗೆ ತಲೆ ಚಚ್ಚಿಕೊಂಡಳು.

ನಾನು ಬಂದಾಗ ದವಾಖಾನೆಯ ಜಗುಲಿಯ ತುಂಬ ಜನ ನಿಂತಿದ್ದರು. ಚಂಪಾ ಬೆಂಚಿನ ಮೇಲೆ ಕೂತಿದ್ದಳು, ಕೈಯಲ್ಲಿದ್ದ ಚಹಾ ಕೆನೆಗಟ್ಟಿತ್ತು. ನಾನು ಹತ್ತಿರ ಹೋದೆ. ಅವಳು ತಲೆ ಎತ್ತಿ ನೋಡಿ, ಸೆರಗನ್ನು ಹೆಗಲ ತುಂಬ ಎಳೆದುಕೊಂಡು, ಬೆಂಚಿನ ತುದಿಗೆ ಸರಿದಳು.

“ಕುಂಡರ್ರಿ,” ಎಂದಳು. “ಯಾರನ್ನ ಕಾಣಬೇಕಿತ್ರಿ?”

“ಚಂಪಾ, ನಾನು.”

“ಹೌದ್ರಿ, ನನ್ನ ಹೆಸರು ಚಂಪಾ ಅಂತ ಇವರೆಲ್ಲಾ ಹೇಳ್ಯಾರ. ನೀವ್ ಯಾರ್ರಿ?”

ಟಿಪ್ಪಣಿಗಳೆಲ್ಲ ಹೊರಗೆ ಬಂದಿದ್ದವು. ಒಂದೂ ತಪ್ಪಿರಲಿಲ್ಲ. ಆದರೆ ಕೆಲಸ ಮುಗಿದ ಮೇಲೂ ಆ ಸಾಫ್ಟ್‌ವೇರ್ ಹಿಡಿದದ್ದನ್ನು ಬಿಟ್ಟಿರಲಿಲ್ಲ. ಎಷ್ಟು ಮೆಮರಿ ಹಿಡಿದಿದೆ ಎಂದು ತೋರಿಸುವ ಗೆರೆ ಪರದೆಯ ಮೇಲೆ ತುದಿಗೆ ಹೋಗಿ ನಿಂತಿತ್ತು, ಇಳಿಯಲಿಲ್ಲ. ಬಂದ್ ಮಾಡಿದರೆ ತಿರುಗಿ ಬರುತ್ತದೋ, ಪೂರ್ತಿ ಹೋಗಿಬಿಡುತ್ತದೋ ಫರೀದಾಳಿಗೂ ಗೊತ್ತಿರಲಿಲ್ಲ. ಅದನ್ನು ಚಾಲೂ ಇಟ್ಟೆವು. ಕರೆಂಟು ಹೋದರೆ ಇರಲಿ ಎಂದು ಬ್ಯಾಟರಿ ಕಟ್ಟಿದೆವು. ನನ್ನದನ್ನಾದರೂ ತಗೊಂಡು ಅವಳದನ್ನು ಬಿಡುತ್ತದೋ ಎಂದು ನಾನು ಅದರ ಮುಂದೆ ಹೋಗಿ ಕೂರುತ್ತಿದ್ದೆ. ಹೊಟ್ಟೆ ತುಂಬಿದ ಯಂತ್ರ ನನ್ನನ್ನು ಕೇಳಲಿಲ್ಲ. ನನ್ನ ನೆನಪಿನಲ್ಲಿ ಒಂದು ಎಳೆ ಕೂಡ ಹೋಗಲಿಲ್ಲ. ಮಳೆಗಾಲದ ಮೊದಲ ಮೋಡ ಕಟ್ಟಿದ ಮಧ್ಯಾಹ್ನ, ನಾನು ನೋಡುತ್ತಿರುವಾಗಲೇ, ಪರದೆ ಬೆಳ್ಳಗಾಯಿತು. ಇಷ್ಟು ದಿನ ನಮ್ಮನ್ನು ಬಳಸಿದ್ದಕ್ಕೆ ಧನ್ಯವಾದಗಳು ಎಂದು ಬಂತು. ಆ ಗೆರೆ ಸರ್ರನೆ ಕೆಳಗಿಳಿದು ಮಾಯವಾಯಿತು. ನಾನು ಎದ್ದು ಹೊರಗೆ ಓಡಿದೆ. ಚಂಪಾ ಜಗುಲಿಯಲ್ಲಿ ಬ್ಯಾಂಡೇಜು ಸುತ್ತಿಡುತ್ತಿದ್ದಳು. “ಯಾಕ್ರಿ, ಏನಾತು?” ಎಂದಳು.

ಊರ ಹಿರಿಯರು ಹೇಳಿದ್ದಕ್ಕೆ ಅವಳು ಕೆಲವು ದಿನ ನಮ್ಮ ಮನೆಯಲ್ಲಿದ್ದಳು. ಅವಳೇ ಜೋಡಿಸಿದ ಅಡುಗೆಮನೆಯಲ್ಲಿ ನಿಂತು, “ಸಕ್ಕರಿ ಎಲ್ಲೈತ್ರಿ?” ಎಂದು ಕೇಳುತ್ತಿದ್ದಳು. ಒಳಗಿನ ಕೋಣೆಗೆ ಚಿಲಕ ಹಾಕಿಕೊಂಡು ಮಲಗುತ್ತಿದ್ದಳು. ನಾನು ಅಂಗಡಿಯಲ್ಲಿ ಹತ್ತಿಯ ಮೂಟೆಗಳ ನಡುವೆ ಒರಗುತ್ತಿದ್ದೆ. ಬೆಳಿಗ್ಗೆ ಹಾಸಿಗೆಯನ್ನು ಬೀಗರ ಮನೆಗೆ ಬಂದವಳ ಹಾಗೆ ನೀಟಾಗಿ ಮಡಿಸಿ ಇಟ್ಟಿರುತ್ತಿದ್ದಳು. ನಾನು ನಮ್ಮ ಅಂಗಳದ ಕಥೆ, ಜಗಳದ ಕಥೆ, ಮದುವೆಯಲ್ಲಿ ಅವಳು ನನ್ನ ಬಾಸಿಂಗ ಕಿತ್ತದ್ದು, ಎಲ್ಲ ಹೇಳುತ್ತಿದ್ದೆ. “ಹೌದೇನ್ರಿ?” ಎಂದು ಕೇಳುತ್ತಿದ್ದಳು. ಬೇಸರ ತೋರಿಸುತ್ತಿರಲಿಲ್ಲ. ಅಪರಿಚಿತ ಮುದುಕರ ಮಾತನ್ನು ಅವಳು ಯಾವಾಗಲೂ ಹಾಗೆಯೇ ಕೇಳುತ್ತಿದ್ದಳು.

ಒಂದು ಮುಂಜಾನೆ ಕೈಚೀಲ ಹಿಡಿದುಕೊಂಡು ಬಂದು ನಿಂತಳು. “ತಪ್ಪು ತಿಳಕೋಬ್ಯಾಡ್ರಿ, ದುಂಡಪ್ಪನವರ. ನೀವು ನನ್ನ ಗಂಡ ಅಂತ ಎಲ್ಲಾರೂ ಹೇಳ್ತಾರ. ಇಷ್ಟ ಮಂದಿ ಸುಳ್ಳ ಹೇಳೂದಿಲ್ಲ. ನೀವು ಚಲೋ ಮನಷ್ಯಾರ ಅದೀರಿ. ಆದರ ನನಗ ಈ ಮನ್ಯಾಗ ಉಸರ ಕಟ್ಟತೈತಿ. ದವಾಖಾನಿ ಹಿಂದಿನ ಖೋಲ್ಯಾಗ ಇರ್ತೀನಿ.”

ದುಂಡಪ್ಪನವರ ಎಂದಳು. ತುಟಿಯ ತುದಿಯಲ್ಲೂ ನಗು ಇರಲಿಲ್ಲ. ಚೀಲವನ್ನು ನಾನೇ ಹೊತ್ತುಕೊಂಡು ಹೋಗಿ ಖೋಲಿಯಲ್ಲಿ ಇಟ್ಟು ಬಂದೆ. ಒಂದು ಹೊಸ ಗಾದಿಯನ್ನೂ ಹೊಲಿದು ಕೊಟ್ಟೆ. ಎಷ್ಟಾಯಿತು ಎಂದು ಕೇಳಿದಳು.

ಅವಳ ಕೈಯಲ್ಲಿ ಮಾತ್ರ ವಿದ್ಯೆ ಹಾಗೇ ಉಳಿದಿತ್ತು. ನರ ಹುಡುಕುವುದು, ಹೆರಿಗೆ ಮಾಡಿಸುವುದು, ಒಂದೂ ಮರೆತಿರಲಿಲ್ಲ. ಹೊರತೆಗೆದ ಟಿಪ್ಪಣಿಗಳನ್ನು ಓದಿ ಓದಿ ಊರಿನವರನ್ನೆಲ್ಲ ಮತ್ತೆ ಗುರುತು ಮಾಡಿಕೊಂಡಳು. ಮಾತ್ರೆ ಅಡಗಿಸುವ ಅಜ್ಜನ ದಿಂಬನ್ನು ತಾನೇ ಹೋಗಿ ಎತ್ತಿ ನೋಡಿದಳು. ಮಳೆಗಾಲದಲ್ಲಿ ಕಲ್ಲವ್ವನ ಮಗ ಮತ್ತೆ ಜ್ವರದಲ್ಲಿ ಮಲಗಿದಾಗ ಇನ್ನೊಬ್ಬ ಹೊಸ ಡಾಕ್ಟರು ಅವನ ಟಿಪ್ಪಣಿ ಓದಿಯೇ ಬೇರೆ ಮದ್ದು ಕೊಟ್ಟರು. ಹುಡುಗ ಎದ್ದು ಓಡಾಡಿದ. ಸಿಸ್ಟರ್ ಮೊದಲಿನ ಹಾಗೇ ಆದರು ಎಂದು ಊರು ಸಮಾಧಾನಪಟ್ಟುಕೊಂಡಿತು. ನನಗೆ ಯಾವತ್ತೂ ಜಡ್ಡು ಬಂದಿರಲಿಲ್ಲ, ಆದ್ದರಿಂದ ಟಿಪ್ಪಣಿಗಳಲ್ಲಿ ನಾನಿರಲಿಲ್ಲ. ಜನ ಮೊದಮೊದಲು ನನ್ನ ಅಂಗಡಿಗೆ ಬಂದು ಕೂತು ಹೋಗುತ್ತಿದ್ದರು. ಆಮೇಲೆ ಆ ವಿಷಯ ಎತ್ತುವುದನ್ನು ಬಿಟ್ಟರು. ನಾನೂ ಪೋಸ್ಟ್ ಮಾಸ್ತರರ ಹಾಗೆ ಫರೀದಾಳ ಅಂಗಡಿಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತು ನೋಡಿದೆ. ಎದ್ದು ಬಂದು ಚಹಾ ಕುಡಿಯುತ್ತಿದ್ದಂತೆ ಎಲ್ಲ ತಿರುಗಿ ಬಂತು. ಮತ್ತೆ ಹೋಗಲಿಲ್ಲ.

ಆ ಚಳಿಗಾಲ ನನಗೆ ನಿದ್ದೆಯೇ ಬಾರದಾಯಿತು. ಸೂಜಿ ಮತ್ತೆ ಮತ್ತೆ ಬೆರಳಿಗೇ ಚುಚ್ಚತೊಡಗಿದ ಮೇಲೆ ಒಂದು ಬೆಳಿಗ್ಗೆ ದವಾಖಾನೆಗೆ ಹೋಗಿ ಪಾಳಿಯಲ್ಲಿ ನಿಂತೆ. ನನ್ನ ಪಾಳಿ ಬಂದಾಗ ಚಂಪಾ ಸ್ಟೂಲು ತೋರಿಸಿದಳು. ನಿದ್ದೆ ಬರುತ್ತಿಲ್ಲ ಎಂದೆ. ನಾಡಿ ಹಿಡಿದಳು. ಎಷ್ಟೋ ದಿನಗಳ ಮೇಲೆ ಅವಳ ಬೆರಳು ನನ್ನ ಮೈಗೆ ತಾಗಿತು.

“ನಿದ್ದಿ ಯಾಕ ಬರವಲ್ದು? ಏನರ ಮನಸಿಗೆ ಹಚ್ಕೊಂಡೀರೇನು?”

ಬೇರೆ ಏನಾದರೂ ಹೇಳಬಹುದಿತ್ತು. ಆದರೆ ಅವಳು ನನ್ನ ಕಣ್ಣನ್ನೇ ನೋಡುತ್ತಿದ್ದಳು. “ಒಂದು ಕೂಸಿತ್ರಿ,” ಎಂದೆ. “ಹೆಣ್ಣ ಕೂಸು. ಹುಟ್ಟಿ ಒಂದ ಹಗಲ ಇತ್ತು. ನಾವಿಬ್ಬರೂ ಅದರ ಬಗ್ಗೆ ಮಾತಾಡತಿರಲಿಲ್ಲ. ಆದರ ಇಬ್ಬರಿಗೂ ನೆನಪಿರ್ತಿತ್ತು. ಈಗ ಅದನ್ನ ನೋಡಿದಾವ ಭೂಮಿ ಮ್ಯಾಲ ನಾ ಒಬ್ಬನ ಉಳದೀನಿ. ನಾನೂ ಹೋದ್ರ ಅದು ಹುಟ್ಟೇ ಇಲ್ಲ ಅನ್ನೂ ಹಂಗ ಆಗತೈತ್ರಿ.”

ನಾಡಿಯ ಮೇಲಿನ ಬೆರಳು ಹಾಗೇ ಇತ್ತು. ಅವಳಿಗೂ ತಿಳಿದಿತ್ತು ಅದು ಯಾರ ಕೂಸೆಂದು. ಕಣ್ಣು ಮುಚ್ಚಿಕೊಂಡು ಕೂತಳು, ಕತ್ತಲೆಯ ಗೂಡಿಗೆ ಕೈ ಹಾಕಿ ತಡಕಾಡುವವರ ಹಾಗೆ. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ತೆರೆದು, ಇಲ್ಲ ಎಂದು ತಲೆ ಆಡಿಸಿದಳು.

“ನಿಮ್ಮಾಕಿ ಆವಾಗ ಭಾಳ ಅತ್ತಿದ್ಲೇನ್ರಿ?” ಎಂದು ಕೇಳಿದಳು.

“ಇಲ್ರಿ. ನಾ ಅಳತೀನಂತ ಆಕಿ ಅಳಲಿಲ್ಲ. ನನ್ನ ತಲೀ ತನ್ನ ತೊಡೀ ಮ್ಯಾಲ ಇಟ್ಕೊಂಡು ಕುಂತಿದ್ಲು.”

“ಗಟ್ಟಿ ಹೆಣಮಗಳು,” ಎಂದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು, ಯಾವ ರೋಗಿಯ ಕಥೆ ಕೇಳಿದರೂ ಬರುವಂಥದು. ನನ್ನ ಕೈಯನ್ನು ಮೆಲ್ಲಗೆ ನನ್ನ ಮಡಿಲಲ್ಲೇ ಇಟ್ಟು, ಮಾತ್ರೆಯ ಪೊಟ್ಟಣ ಕಟ್ಟಿ ಕೊಟ್ಟಳು. “ಊಟಾ ಆದ ಮ್ಯಾಲ ತಗೋರ್ರಿ. ಬರೇ ಹೊಟ್ಟೀಲೆ ಬ್ಯಾಡ.”

ನಾನು ಎದ್ದೆ. ಅವಳು ನನ್ನ ಹಿಂದಿದ್ದವರ ಕಡೆ ನೋಡಿ, “ಬರ್ರಿ ಅಜ್ಜಾ, ಕೆಮ್ಮು ಹೆಂಗೈತಿ?” ಎಂದಳು.